ಹೆಸರು ಹೇಳಿದರೆ ಸಾಕು

ಪುಣೆ, 12 ಜೂನ್ 2023

‘ಎರಿ’ ಎಂಬ ಹೆಸರಿನಲ್ಲಿ ಸಂಗೀತ ಹಂಚುವವರಿಗೆ ನಮಸ್ಕಾರ.

ನೀವು ಒಬ್ಬರೋ ನಾಲ್ವರೋ, ಹಿರಿಯರೋ ಕಿರಿಯರೋ ನನಗೆ ಗೊತ್ತಿಲ್ಲ. ಆದರೆ ಕರಿಮಣ್ಣಿನ ಹೊಲಕ್ಕೆ ಎರಿ ಅನ್ನುವವರು ನಮ್ಮ ಕಡೆಯವರೇ ಇರಬೇಕೆಂಬ ಧೈರ್ಯದ ಮೇಲೆ, ನಿಮ್ಮ ಪುಟದಲ್ಲಿದ್ದ ಇಮೇಲಿಗೆ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಾನು ಮಹೇಶ್ವರಿ. ಗಂಗಾವತಿಯ ಅಕ್ಕಿ ವ್ಯಾಪಾರದ ಮನೆಯವಳು, ಮದುವೆಯಾಗಿ ಪುಣೆಗೆ ಬಂದು ಬಹಳ ವರ್ಷವಾಯಿತು. ಬಸ್ ನಿಲ್ದಾಣಗಳಲ್ಲಿ ‘ಪ್ರಯಾಣಿಕರ ಗಮನಕ್ಕೆ’ ಎಂದು ಒಂದು ದನಿ ಬರುತ್ತದಲ್ಲ, ಅಂಥ ಘೋಷಣೆಗಳನ್ನು ಓದುವುದು, ನಾನೂ ಬೇರೆಯವರೂ ಓದಿದ್ದನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸುವುದು ನನ್ನ ಹೊಟ್ಟೆಪಾಡು. ಕೆಮ್ಮು, ತಡವರಿಕೆ, ಕೊನೆಗೆ ಉಸಿರನ್ನು ಕೂಡ ಬಿಡದೆ ಕತ್ತರಿಸಿ ತೆಗೆಯುತ್ತೇನೆ.

ಹವ್ಯಾಸ ಬೇರೆ. ಪ್ರತಿ ಭಾನುವಾರ ಇಂಟರ್ನೆಟ್ ರೇಡಿಯೋದಲ್ಲಿ ಒಂದು ಗಂಟೆ ಎಲೆಕ್ಟ್ರಾನಿಕ್ ಸಂಗೀತ ಹಾಕುತ್ತೇನೆ. ಕಂಪನಿಗಳದ್ದಲ್ಲ; ಮನೆಯಲ್ಲಿ ಕುಳಿತು ಮಾಡಿ, ಮುಕ್ತ ಪರವಾನಗಿಯಲ್ಲಿ ಜಗತ್ತಿಗೆ ಬಿಟ್ಟುಕೊಟ್ಟವರದ್ದು ಮಾತ್ರ. ಕೇಳುಗರು ಎಷ್ಟು ಮಂದಿ ಎಂದು ಮಾತ್ರ ಕೇಳಬೇಡಿ, ಮರ್ಯಾದೆ ಪ್ರಶ್ನೆ.

ಹೋದ ವಾರ ನಿಮ್ಮ ‘ನನ್ನ ಹೆಸರು’ ಸಿಕ್ಕಿತು. ಕೆಳಗೆ ಏನೋ ಗುಡುಗುಡು, ಮೇಲೆ ಕಟಕಟ ತಾಳ, ನಡುವೆ ಒಬ್ಬ ಹುಡುಗ ‘ನನ್ನ ಹೆಸರು ಯ… ಯ… ಯ…’ ಎಂದು ಶುರು ಮಾಡುತ್ತಾನೆ. ಹೆಸರು ಈಗ ಬಂತು, ಈಗ ಬಂತು ಎಂದು ಕಾಯುತ್ತಲೇ ಇದ್ದೆ. ಹಾಡು ಮುಗಿಯಿತು, ಹೆಸರು ಬರಲಿಲ್ಲ. ಆ ‘ಯ’ಗಳು ಒಂದರಂತೆ ಒಂದಿಲ್ಲ, ಯಂತ್ರದಿಂದ ಹಾಗೆ ಕತ್ತರಿಸಲು ನನಗಂತೂ ಬರುವುದಿಲ್ಲ. ಯಾರ ಹತ್ತಿರ ಕಲಿತಿರಿ?

ಪುಟದಲ್ಲಿ ಬರೆದಿದ್ದೀರಿ: ‘ಯಾರು ಬೇಕಾದರೂ ಕೇಳಬಹುದು, ಹಂಚಬಹುದು, ಮುರಿದು ಬೇರೆ ಕಟ್ಟಬಹುದು. ಮಾಡಿದವನ ಹೆಸರು ಹೇಳಿದರೆ ಸಾಕು.’ ಹೇಳುತ್ತೇನೆ ಮಾರಾಯರೇ, ಆದರೆ ಯಾವ ಹೆಸರು? ಎರಿ ಎನ್ನುವುದು ಹೊಲದ ಹೆಸರಾಯಿತು. ತಿಳಿಸಿ. ಫೋನ್ ನಂಬರ್ ಕೊಟ್ಟರೆ ಇನ್ನೂ ಸಲೀಸು, ನನಗೆ ಬರೆಯುವುದಕ್ಕಿಂತ ಮಾತು ವಾಸಿ.

ಮಹೇಶ್ವರಿ


ಯಲಬುರ್ಗಾ, 20 ಜೂನ್ 2023

ಮಹೇಶ್ವರಿ ಅಕ್ಕನವರಿಗೆ ಯಮನೂರನ ನಮಸ್ಕಾರಗಳು.

ಇದೇ ನನ್ನ ಹೆಸರು. ಊರು ಯಲಬುರ್ಗಾ, ಇಲ್ಲಿಯೇ ಒಂದು ಸರ್ಕಾರಿ ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್. ದಿನವಿಡೀ ಬೇರೆಯವರ ಹೆಸರು, ತಂದೆಯ ಹೆಸರು, ಊರ ಹೆಸರು ಟೈಪ್ ಮಾಡುತ್ತೇನೆ. ಮನೆಯಲ್ಲಿ ನಾನು, ಅವ್ವ ಹುಲಿಗವ್ವ, ಮತ್ತು ಮಳೆ ನಂಬಿದ ಒಂದು ಎರಿ ಹೊಲ.

ಕಚೇರಿಯವರು ಮಾರಿದ ಹಳೆಯ ಲ್ಯಾಪ್‌ಟಾಪಿನಲ್ಲಿ ಇದನ್ನೆಲ್ಲ ಮಾಡುತ್ತೇನೆ, ತಂತ್ರಾಂಶವೂ ಪುಕ್ಕಟೆಯದ್ದೇ. ನೀವು ಕೇಳಿದ ಕಟಕಟ ಕಿನ್ನಾಳದ ಹೇಮಪ್ಪನವರು ಗೊಂಬೆ ಕೆತ್ತುವಾಗಿನ ಉಳಿಯ ಸದ್ದು. ಗುಡುಗುಡು ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ನಿಂತ ತಳಕಲ್ ಬಸ್ಸಿನದು. ಅದು ಹೊರಡುವುದಕ್ಕಿಂತ ನಿಂತು ನಡುಗುವುದೇ ಹೆಚ್ಚು. ಕಲಿಸಿದವನು ಮೈಕ್‌ಸೆಟ್ ಅಂಗಡಿಯ ಗೆಳೆಯ ಆಸೀಫ. ಸಾಲಿ ಬಿಟ್ಟ ಕೂಡಲೇ ಅವನ ಅಂಗಡಿಗೆ ಓಡುತ್ತಿದ್ದೆ. ‘ಹಲೋ ಹಲೋ ಹಲೋ’ ಎಂದು ಎಷ್ಟು ಸಲ ಹೇಳಿದರೂ ಯಾರೂ ತಿರುಗಿ ನೋಡದ ಜಾಗ ಊರಲ್ಲಿ ಅದೊಂದೇ.

ಹಾಡಿನಲ್ಲಿರುವ ಹುಡುಗ ನನ್ನ ಪರಿಚಯದವನೇ. ಕತ್ತರಿಸಿದ್ದು ಹೆಚ್ಚೇನಿಲ್ಲ.

ಧಾರಾಳವಾಗಿ ಬಳಸಿಕೊಳ್ಳಿ, ಅನುಮತಿ ಕೇಳುವ ಅಗತ್ಯವೇ ಇಲ್ಲ. ಫೋನ್ ಮಾತ್ರ ಬೇಡ. ನಮ್ಮಲ್ಲಿ ಟವರ್ ಸರಿಯಾಗಿ ಸಿಗುವುದಿಲ್ಲ.

ಯಮನೂರ


ಪುಣೆ, 27 ಆಗಸ್ಟ್ 2023

ಯಮನೂರ ಅವರಿಗೆ,

ಟವರ್ ಸಿಗದ ಊರಿನಿಂದ ಅಷ್ಟು ದೊಡ್ಡ ದೊಡ್ಡ ಫೈಲುಗಳನ್ನು ಹೇಗೆ ಏರಿಸುತ್ತೀರಿ ಎಂದು ನಾನು ಕೇಳುವುದಿಲ್ಲ. ನಿಮ್ಮ ಮನೆಯಾಕೆಗೆ ಪರಸ್ತ್ರೀಯ ಫೋನ್ ಬಂದರೆ ಸಿಟ್ಟೇನೋ. ಮದುವೆಯಾಗಿಲ್ಲ ಎಂದರೆ ಆ ನೆಪವೂ ಇಲ್ಲ.

ತಮಾಷೆ ಬಿಡಿ. ಜುಲೈಯಲ್ಲಿ ನಿಮ್ಮ ಹಾಡನ್ನು ಎರಡು ಭಾನುವಾರ ಹಾಕಿದೆ, ಹೆಸರು ಹೇಳಿ, ಊರು ಹೇಳಿ. ಆಮೇಲೆ ನನ್ನ ಕೈ ಸುಮ್ಮನಿರಲಿಲ್ಲ, ನನ್ನದೇ ಒಂದು ರೂಪ ಕಟ್ಟಿದ್ದೇನೆ. ಆ ಹುಡುಗನನ್ನು ಕೇಳುತ್ತಿದ್ದಂತೆ ನನಗೆ ನೆನಪಾಗಿದ್ದು ನಮ್ಮ ಮದುವೆ ಮನೆಯ ಹೊಸ್ತಿಲು. ‘ಹೆಸರು ಹೇಳಿದ್ರನ ಒಳಗ ಬಿಡ್ತೀವಿ’ ಎಂದು ಮದುಮಕ್ಕಳನ್ನು ತಡೆದು ನಿಲ್ಲಿಸುತ್ತಾರಲ್ಲ. ಅವರು ನಾಚಿ, ಮೊದಲ ಅಕ್ಷರಕ್ಕೇ ನಿಂತು, ಮತ್ತೆ ಶುರು ಮಾಡಿ, ಕೊನೆಗೆ ಒಡಪು ಕಟ್ಟಿ ಗಂಡನ ಹೆಸರನ್ನೋ ಹೆಂಡತಿಯ ಹೆಸರನ್ನೋ ಹೇಳುತ್ತಾರಲ್ಲ. ನೀವು ಅದನ್ನೇ ತಿರುವಿ, ತನ್ನ ಹೆಸರಿಗೆ ತಾನೇ ನಾಚುವ ಹುಡುಗನನ್ನು ಮಾಡಿದ್ದೀರಿ. ಎಂಥಾ ಐಡಿಯಾ!

ಹಾಗಾಗಿ ಮೂರು ಕೆಲಸ ಮಾಡಿದೆ. ಅಡ್ಡಾದಿಡ್ಡಿಯಾಗಿದ್ದ ‘ಯ’ಗಳನ್ನು ತಾಳಕ್ಕೆ ಸರಿಯಾಗಿ ಕೂರಿಸಿದೆ. ಪ್ರತಿ ‘ಯ’ದ ಹಿಂದೆ ನನ್ನ ತಮ್ಮನ ಮದುವೆಯಲ್ಲಿ ರೆಕಾರ್ಡ್ ಮಾಡಿಕೊಂಡ ಹೆಂಗಸರ ನಗುವನ್ನು ಸೇರಿಸಿದೆ. ಕೊನೆಗೆ ನನ್ನ ದನಿಯಲ್ಲಿ, ಘೋಷಣೆ ಓದಿದಂತೆ ಸ್ಪಷ್ಟವಾಗಿ, ‘ಯಮನೂರ’ ಎಂದು ಹೇಳಿ ಮುಗಿಸಿದೆ. ಕೇಳುಗರಿಗೆ ಸಮಾಧಾನ ಬೇಡವೇ? ನಿಮ್ಮ ಪರವಾನಗಿಯಲ್ಲೇ ಬಿಟ್ಟಿದ್ದೇನೆ, ಈಗಾಗಲೇ ಇಳಿಸಿಕೊಳ್ಳುತ್ತಿದ್ದಾರೆ.

ಇನ್ನೊಂದು ಮಾತು. ಫೆಬ್ರುವರಿಯಲ್ಲಿ ತಮ್ಮನ ಹೊಸ ಮನೆಯ ಕಾರ್ಯಕ್ಕೆ ಗಂಗಾವತಿಗೆ ಬರುತ್ತೇನೆ. ಅದೇ ಹೊತ್ತಿಗೆ, ಹದಿನೆಂಟರಂದು, ಕೊಪ್ಪಳದಲ್ಲಿ ಮುಕ್ತ ಸಂಗೀತದವರನ್ನು ಒಂದು ಕಡೆ ಸೇರಿಸುವ ಆಸೆ. ಬಳ್ಳಾರಿ, ಹುಬ್ಬಳ್ಳಿ, ರಾಯಚೂರಿನಿಂದ ಕೆಲವರು ಬರುತ್ತೇವೆ ಎಂದಿದ್ದಾರೆ. ಒಂದೇ ನಿಯಮ: ವೇದಿಕೆಗೆ ಬಂದು ತಮ್ಮ ಹೆಸರು ತಾವೇ ಹೇಳಿ, ಹಾಡು ಹೇಗೆ ಮಾಡಿದೆವೆಂದು ನಾಲ್ಕು ಮಾತಾಡಿ, ಆಮೇಲೆ ಕೇಳಿಸುವುದು. ಮೊದಲ ಹೆಸರು ನಿಮ್ಮದೇ ಹಾಕಿದ್ದೇನೆ.

ಮಹೇಶ್ವರಿ


ಯಲಬುರ್ಗಾ, 2 ಸೆಪ್ಟೆಂಬರ್ 2023
(ಬರೆದು, ಕಳಿಸದೆ ಉಳಿದದ್ದು)

ಅಕ್ಕನವರೆ,

ಆ ಹುಡುಗ ನಾನೇ. ನನಗೆ ಉಗ್ಗು. ಬೇರೆ ಮಾತು ಹೇಗೋ ದಾಟುತ್ತದೆ, ನನ್ನ ಹೆಸರಿಗೆ ಬಂದರೆ ನಾಲಿಗೆ ನಿಂತುಬಿಡುತ್ತದೆ. ನೀವು ನೆಟ್ಟಗೆ ಮಾಡಿದ ಆ ‘ಯ’ಗಳು ಅಡ್ಡಾದಿಡ್ಡಿ ಅಲ್ಲ, ನಾನು ಮಾತಾಡುವುದೇ ಹಾಗೆ. ಅದನ್ನು ಕತ್ತರಿಸದೆ, ತಿದ್ದದೆ, ತಾಳವನ್ನೇ ಅದರ ಹಿಂದೆ ನಡೆಸಿಕೊಂಡು ಹೋಗಲು ನನಗೆ ಒಂದು ವರ್ಷ ಹಿಡಿಯಿತು. ಅಲ್ಲಿ ಮೊದಲ ಸಲ ನನ್ನ ಮಾತು ನನಗೆ ಛಲೋ ಅನಿಸಿತ್ತು.

ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಹೆಣ್ಣು ನೋಡಲು ಹೋದ ಮನೆಯಲ್ಲಿ, ಯಾರೇ ‘ಹೆಸರೇನಪಾ’ ಅಂದರೂ ನಾನು ಬಾಯಿ ತೆರೆಯುವುದರೊಳಗೆ ಅವ್ವ ಹೇಳಿಬಿಡುತ್ತಾಳೆ. ಅವಳು ಇಲ್ಲದ ಕಡೆಗೆ ನಾನು ಹೋಗುವುದು ಕಡಿಮೆ. ಹಾಡಿಗೆ ಆ ಒಂದು ಷರತ್ತು ಯಾಕೆ ಹಾಕಿದೆ ಗೊತ್ತೇ? ನಾನು ಹೇಳಲಾಗದ್ದನ್ನು ಎಲ್ಲಿಯೋ ಯಾರೋ ಹೇಳುತ್ತಿರಲಿ ಎಂದು.

ನಿಮ್ಮ ರೂಪವನ್ನು ಮನೆಯಲ್ಲಿ ಹಾಕಿದ್ದೆ. ಜೋಳ ಹಸನು ಮಾಡುತ್ತಿದ್ದ ಅವ್ವ ಮೊರ ಕೆಳಗಿಟ್ಟು, ‘ಯಾರಪಾ ಇವ್ರು? ನೀ ಮಾತಾಡಾಕತ್ತಿದ್ರ ಯಾಕ ನಗಾಕತ್ತಾರ?’ ಅಂದಳು. ಹಾಡು ನಿಲ್ಲಿಸಿದೆ. ನಿಮ್ಮನ್ನು ಕೇಳುವ ಹಕ್ಕೂ ನನಗಿಲ್ಲ, ಮುರಿದು ಕಟ್ಟಿರಿ ಎಂದು ಬರೆದುಕೊಟ್ಟವನು ನಾನೇ.

ಕೊಪ್ಪಳಕ್ಕೆ ನಾನು ಬರುವುದಿಲ್ಲ.


ಪುಣೆ, 8 ಅಕ್ಟೋಬರ್ 2023

ಯಮನೂರ ಅವರಿಗೆ,

ಉತ್ತರವಿಲ್ಲ. ಬಿತ್ತನೆ ಕಾಲವೇ? ಅಥವಾ ನನ್ನ ಪುಟದಲ್ಲಿ ನಿಮ್ಮ ಹೆಸರನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದ್ದಕ್ಕೆ ಬೇಸರವೇ? ಹೇಳುವುದನ್ನು ಹೇಳಿದ್ದರೂ ಮೂಲೆಯಲ್ಲಿ ಹೇಳಿದ್ದು ತಪ್ಪೇ. ಈಗ ಮೇಲೆ, ದಪ್ಪಕ್ಷರದಲ್ಲಿ, ನನ್ನ ಹೆಸರಿಗಿಂತ ಮೊದಲು ಹಾಕಿದ್ದೇನೆ. ನೋಡಿ ತಿಳಿಸಿ.

ಮಹೇಶ್ವರಿ


ಪುಣೆ, 19 ನವೆಂಬರ್ 2023

ಯಮನೂರ ಅವರಿಗೆ,

ದೀಪಾವಳಿಯೂ ಮುಗಿಯಿತು, ನಿಮ್ಮ ಮೌನ ಮುಗಿಯಲಿಲ್ಲ. ನನ್ನ ಯಜಮಾನರು, ‘ನಿನ್ನ ಘೋಷಣೆ ಜಾಸ್ತಿಯಾಯಿತು, ಪಾಪ, ಓಡಿಹೋದ’ ಎನ್ನುತ್ತಾರೆ. ಮೂಲ ಕೃತಿಯ ಕೊಂಡಿ ಹಾಕಲು ಮರೆತಿದ್ದೆ, ಅದಕ್ಕೇ ಇರಬೇಕೆಂದು ಅದನ್ನೂ ಹಾಕಿದೆ. ಇನ್ನೇನು ತಪ್ಪಿದೆಯೋ ಹೊಳೆಯುತ್ತಿಲ್ಲ.

ಮನೆಯ ವಿಳಾಸ ಗೊತ್ತಿಲ್ಲದ್ದಕ್ಕೆ ಆಸೀಫನ ಮೈಕ್‌ಸೆಟ್ ಅಂಗಡಿಗೆ, ಹುಲಿಗವ್ವನವರ ಹೆಸರಿಗೆ ಒಂದು ಪಾರ್ಸಲ್ ಕಳಿಸಿದ್ದೇನೆ, ಪುಣೆಯ ಬಾಕರವಡಿ. ಮಗನ ಮೇಲೆ ಕೋಪವಿದ್ದರೂ ತಾಯಿಗೆ ತಿನ್ನಲು ಅಡ್ಡಿಯಿಲ್ಲ.

ಮಹೇಶ್ವರಿ


ಯಲಬುರ್ಗಾ, 3 ಡಿಸೆಂಬರ್ 2023

ಮಹೇಶ್ವರಿ ಅಕ್ಕನವರಿಗೆ ನಮಸ್ಕಾರಗಳು.

ಪಾರ್ಸಲ್ ಮುಟ್ಟಿತು. ಯಾರು ಕಳಿಸಿದ್ದೆಂದು ಅವ್ವ ಕೇಳಿದಳು. ಹೇಳಿದೆ. ‘ಆ ನಗೋ ಮಂದೀನ?’ ಅಂದಳು. ಹೌದೆಂದೆ. ಒಂದು ತಿಂದು ನೋಡಿ, ಇನ್ನೊಂದು ತಿಂದು ನೋಡಿ, ‘ಅಷ್ಟು ದೂರದಿಂದ ತಿನ್ನಾಕ ಕಳಿಸ್ಯಾರ, ನೀ ಒಂದು ಅಕ್ಷರ ಬರೀಲಿಲ್ಲಂದ್ರ ಮಂದಿ ಏನಂದಾರು? ಸಿಟ್ಟಿದ್ರ ಸಿಟ್ಟೈತಿ ಅಂತ ಬರಿ’ ಅಂದಳು. ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಹೆಸರು ದಪ್ಪಕ್ಷರದಲ್ಲಿ ಬೇಕೆಂದು ನಾನು ಸುಮ್ಮನಿದ್ದದ್ದಲ್ಲ. ಸೆಪ್ಟೆಂಬರಿನಲ್ಲಿ ಒಂದು ಪತ್ರ ಬರೆದು ಕಳಿಸದೆ ಇಟ್ಟಿದ್ದೆ, ಇದರ ಜೊತೆಗೆ ಹಾಗೇ ಕಳಿಸುತ್ತಿದ್ದೇನೆ. ಅದರಲ್ಲಿ ತುಸು ಖಾರ ಹೆಚ್ಚಾಗಿದೆ. ತೆಗೆಯಲು ಮನಸ್ಸಾಗಲಿಲ್ಲ.

ಯಮನೂರ


ಪುಣೆ, 4 ಡಿಸೆಂಬರ್ 2023

ತಮ್ಮಾ,

ಇನ್ನು ನಿನ್ನನ್ನು ಬಹುವಚನದಲ್ಲಿ ಕರೆಯಲು ನನಗೆ ಆಗುವುದಿಲ್ಲ, ಬೇಸರ ಮಾಡಿಕೊಳ್ಳಬೇಡ.

ನಿನ್ನ ಪತ್ರ ಓದಿ, ನಿನ್ನ ಹಾಡನ್ನು ಮತ್ತೆ ಕೇಳಿದೆ. ಆಮೇಲೆ ನನ್ನದನ್ನು ಕೇಳಿದೆ. ಆ ನಗು ಕಿವಿಗೆ ಬಿದ್ದಾಗ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಅದು ನನ್ನ ಅತ್ತಿಗೆ, ನಾದಿನಿ, ಚಿಗವ್ವಂದಿರ ನಗು. ಒಬ್ಬರೂ ಕೆಟ್ಟವರಲ್ಲ. ಆದರೆ ಕೂರಿಸಬಾರದ ಜಾಗದಲ್ಲಿ ನಾನು ಅವರನ್ನು ಕೂರಿಸಿದೆ. ಹದಿನಾಲ್ಕು ವರ್ಷ ಬೇರೆಯವರ ತಡವರಿಕೆಯನ್ನು ಕತ್ತರಿಸಿ ಬುಟ್ಟಿಗೆ ಹಾಕಿದವಳಿಗೆ ತಡವರಿಕೆಯೂ ಮಾತೇ ಎಂದು ಹೊಳೆಯಲಿಲ್ಲ. ಹುಲಿಗವ್ವನವರಿಗೆ ಹೇಳು, ಅವರು ಕೇಳಿದ ಪ್ರಶ್ನೆ ಸರಿಯಾದದ್ದು.

ನನ್ನ ರೂಪವನ್ನು ಅಳಿಸಿಹಾಕಿದೆ. ಆದರೆ ಬಿಟ್ಟ ಹಾಡು ತಿರುಗಿ ಕೈಗೆ ಸಿಗುವುದಿಲ್ಲ. ಅದನ್ನು ಇಳಿಸಿಕೊಂಡ ಕೆಲವರು ಆಗಲೇ ತಮ್ಮ ತಮ್ಮ ರೂಪ ಮಾಡಿಬಿಟ್ಟಿದ್ದಾರೆ. ಅವರನ್ನು ತಡೆಯುವ ಹಾಗಿಲ್ಲ.

ಕೊಪ್ಪಳದ ಪಟ್ಟಿಯಿಂದ ನಿನ್ನ ಹೆಸರು ತೆಗೆಯುತ್ತೇನೆ. ಬರಲೇಬೇಕೆಂಬ ಒತ್ತಾಯ ನನ್ನದಿಲ್ಲ.

ನಿನ್ನ ಅಕ್ಕ,
ಮಹೇಶ್ವರಿ


ಯಲಬುರ್ಗಾ, 17 ಡಿಸೆಂಬರ್ 2023

ಅಕ್ಕಾ,

ಅಳಿಸಬಾರದಿತ್ತು. ಎಲ್ಲರಿಗೂ ಕೊಟ್ಟಿದ್ದೇನೆ ಎಂದಮೇಲೆ, ನನಗೆ ಹಿಡಿಸಿದಂತೆ ಮಾಡುವವರಿಗೆ ಮಾತ್ರ ಎಂದು ಮನಸ್ಸಿನಲ್ಲಿ ಇಟ್ಟುಕೊಂಡರೆ ಅದು ಕೊಟ್ಟ ಹಾಗಾಗುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೂ ಮೂರು ತಿಂಗಳು ಬೇಕಾಯಿತು. ತಿರುಗಿ ಹಾಕಿರಿ.

ನೀವು ಹೇಳಿದ ಆ ಬೇರೆ ರೂಪಗಳನ್ನು ಹುಡುಕಿ ಕೇಳಿದೆ. ಪೋರ್ಚುಗಲ್‌ನ ಒಬ್ಬಾಕೆಯದು ನೋಡಿರಿ. ನಿಮ್ಮ ನಗುವನ್ನು ತೆಗೆದು, ಹಿಂದೆ ಹುಡುಕಿಕೊಂಡು ಬಂದು ನನ್ನ ಮೂಲದ ‘ಯ’ಗಳನ್ನೇ ಹಾಕಿಕೊಂಡು, ಕೆಳಗೆ ಸಮುದ್ರದ ಸದ್ದು ಇಟ್ಟಿದ್ದಾಳೆ. ಅವಳಿಗೆ ಅದು ಒಡಪೂ ಅಲ್ಲ, ಉಗ್ಗೂ ಅಲ್ಲ, ಬರೀ ತಾಳ. ಕೆಳಗೆ ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಿದ್ದಾಳೆ. ಸಮುದ್ರ ನೋಡದ ನಾನು ಅವತ್ತು ಬಹಳ ಖುಷಿಯಲ್ಲಿದ್ದೆ, ಆಸೀಫನಿಗೆ ಚಹಾ ಕುಡಿಸಿದೆ.

ಪಟ್ಟಿಯಿಂದ ಹೆಸರು ತೆಗೆದಿದ್ದರೆ ಇರಲಿ. ತೆಗೆದಿಲ್ಲದಿದ್ದರೆ ಸದ್ಯಕ್ಕೆ ಹಾಗೇ ಬಿಡಿರಿ. ಬರುತ್ತೇನೆ ಎಂದು ಹೇಳುತ್ತಿಲ್ಲ. ಜನರೆದುರು ನಿಂತು ಹೆಸರು ಹೇಳುವುದು ನೆನೆಸಿಕೊಂಡರೆ ಈಗಲೂ ಹೆದರಿಕೆಯಾಗುತ್ತದೆ.

ಯಮನೂರ


ಗಂಗಾವತಿ, 16 ಫೆಬ್ರುವರಿ 2024

ತಮ್ಮಾ,

ಇದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ. ನಮ್ಮ ಮನೆಯ ಪುರೋಹಿತರಾದ ಅಯ್ಯನವರು ಹೊಸ ಮನೆಯ ಮುಹೂರ್ತವನ್ನು ಇವತ್ತಿನಿಂದ ಹದಿನೆಂಟಕ್ಕೆ ಸರಿಸಿಬಿಟ್ಟರು. ಎಲ್ಲರನ್ನೂ ಕರೆದವಳು ನಾನು, ಬರಲಾಗದವಳೂ ನಾನೇ. ‘ತಮ್ಮಗ ಒಬ್ಬಾಕಿ ಅಕ್ಕ, ನೀನ ಹೋದ್ರ ಆರತಿ ಯಾರು ಹಿಡೀತಾರ?’ ಎಂದು ಅವ್ವ ಬಾಗಿಲಿಗೆ ಅಡ್ಡ ನಿಂತಿದ್ದಾಳೆ. ಅಲ್ಲಿಯ ಏರ್ಪಾಟೆಲ್ಲ ಬಳ್ಳಾರಿಯವರು ನೋಡಿಕೊಳ್ಳುತ್ತಾರೆ, ಮೈಕಿಗೆ ನಿನ್ನ ಗೆಳೆಯ ಆಸೀಫನನ್ನೇ ಗೊತ್ತು ಮಾಡಿದ್ದೇನೆ.

ಪಟ್ಟಿಯಲ್ಲಿ ನಿನ್ನ ಹೆಸರು ಹಾಗೇ ಇದೆ. ನಾನಿಲ್ಲವಲ್ಲ, ಅದಕ್ಕೆ ಒಂದು ಕೆಲಸ ಮಾಡಿದ್ದೇನೆ. ನಿನ್ನನ್ನು ಪರಿಚಯಿಸುವ ನಾಲ್ಕು ಸಾಲು ನನ್ನ ದನಿಯಲ್ಲಿ ಓದಿ ಆಸೀಫನಿಗೆ ಕಳಿಸಿದ್ದೇನೆ. ನಿನ್ನ ಹೆಸರು, ನಿನ್ನ ಊರು, ಎಲ್ಲ ಇದೆ. ಬೇಕಾದರೆ ಕಣ್ಸನ್ನೆ ಮಾಡು, ಅವನು ಹಾಕುತ್ತಾನೆ. ನೀನು ಹಾಡು ಕೇಳಿಸಿ ಕೆಳಗಿಳಿದರೆ ಆಯಿತು. ಬೇಡವೆಂದರೆ ಬೇಡ. ಬರುವುದೇ ಇಲ್ಲವೆಂದರೂ ನಾನು ನಿನ್ನ ಅಕ್ಕನೇ.

ಓದುವಾಗ ನಡುವೆ ಉಸಿರು ಸಿಕ್ಕಿಕೊಂಡಿತು. ಹಾಗೇ ಬಿಟ್ಟಿದ್ದೇನೆ, ಕತ್ತರಿಸಲಿಲ್ಲ.

ಏನಾಯಿತೆಂದು ಬರೆ. ಇಲ್ಲಿ ಹೋಳಿಗೆ ಬೇಯಿಸುತ್ತಾ ನನ್ನ ಜೀವ ಅಲ್ಲೇ ಇರುತ್ತದೆ.

ಮಹೇಶ್ವರಿ


ಯಲಬುರ್ಗಾ, 21 ಫೆಬ್ರುವರಿ 2024

ಅಕ್ಕಾ,

ಹೋಗಿದ್ದೆ. ಅವ್ವನೂ ಬಂದಿದ್ದಳು. ಕಿನ್ನಾಳದಿಂದ ಹೇಮಪ್ಪನವರು ಬಂದು ಮೊದಲ ಸಾಲಿನಲ್ಲಿ ಕುಳಿತಿದ್ದರು. ಆಸೀಫ ಪರೀಕ್ಷೆಗೆಂದು ಹಾಡು ಹಾಕಿದಾಗ ಕಿವಿಗೊಟ್ಟು ಕೇಳಿ, ‘ಇದು ನನ್ನ ಉಳಿನ? ಇಷ್ಟು ಜೋರು ನಾ ಯಾವಾಗ ಹೊಡ್ದೆ? ಗೊಂಬಿ ಮೂಗು ಹಾರಿ ಹೋಗ್ತಿತ್ತು’ ಅಂದರು. ಆ ಮಾತಿಗೆ ನನ್ನ ಅರ್ಧ ಹೆದರಿಕೆ ಇಳಿಯಿತು.

ಉಳಿದರ್ಧ ವೇದಿಕೆಯ ಮೇಲೆ ಕಾಯುತ್ತಿತ್ತು. ಮೈಕಿನ ಮುಂದೆ ನಿಂತೆ. ಆಸೀಫ ಮಿಕ್ಸರ್ ಮೇಲೆ ಕೈಯಿಟ್ಟು ‘ಹಾಕ್ಲೇನಲೇ?’ ಎಂದು ಕಣ್ಣಲ್ಲೇ ಕೇಳಿದ. ನಿಮ್ಮ ದನಿ ಅಲ್ಲಿತ್ತು. ಕಣ್ಸನ್ನೆ ಮಾಡಿದ್ದರೆ ಮುಗಿದುಹೋಗುತ್ತಿತ್ತು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆದರೆ ಅಕ್ಕಾ, ನನ್ನ ಹೆಸರನ್ನು ಇಷ್ಟು ವರ್ಷ ಅವ್ವ ಹೇಳಿದಳು, ಆಮೇಲೆ ನೀವು ಹೇಳಿದಿರಿ, ಪೋರ್ಚುಗಲ್‌ನವಳೂ ಬರೆದಳು. ಅದು ನನ್ನ ಬಾಯಿಯಿಂದ ಹೇಗೆ ಕೇಳುತ್ತದೋ ನೋಡಬೇಕು ಅನಿಸಿತು. ತಲೆ ಅಲ್ಲಾಡಿಸಿದೆ.

‘ನನ್ನ ಹೆಸರು ಯ…’ ಅಂದೆ, ಅಲ್ಲಿಗೆ ನಿಂತಿತು. ಮತ್ತೆ ‘ಯ’. ಮತ್ತೆ ‘ಯ’. ಹಾಡಿನಲ್ಲಿ ಕೆಳಗೆ ಬಸ್ಸಿನ ಗುಡುಗುಡುವಾದರೂ ಇರುತ್ತದೆ, ಇಲ್ಲಿ ಏನೂ ಇರಲಿಲ್ಲ, ಬರೀ ಫ್ಯಾನಿನ ಸದ್ದು. ಮುಂದೆ ಕುಳಿತಿದ್ದ ಹಿರಿಯರೊಬ್ಬರಿಗೆ ಪಾಪ ತಡೆಯಲಾಗಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ, ‘ಯಂಕೋಬನೇನಪಾ? ಯಲ್ಲಪ್ಪನ?’ ಎಂದರು.

ನಾನು ಅವ್ವನ ಕಡೆ ನೋಡಿದೆ. ಅವಳ ಬಾಯಿ ಆಗಲೇ ತೆರೆದಿತ್ತು, ನನ್ನ ಹೆಸರು ತುಟಿಯ ಮೇಲೆ ಬಂದಿತ್ತು. ನನಗೆ ಗೊತ್ತಲ್ಲ, ಅವಳು ಸದಾ ಹೇಳುವಾಗ ಹಾಗೇ ಕುತ್ತಿಗೆ ಮುಂದೆ ಮಾಡುತ್ತಾಳೆ. ಅವಳು ಬಾಯಿ ಮುಚ್ಚಿದಳು. ಸೆರಗು ಸರಿಮಾಡಿಕೊಂಡು ಆ ಹಿರಿಯರ ಕಡೆ ತಿರುಗಿ, ‘ತಡೀರಿ. ಅವಸರ ಏನೈತಿ? ಅಂವಾ ಹೇಳ್ತಾನ’ ಅಂದಳು.

ಹೇಳಿದೆ. ‘ಯಮನೂರ’ ಅಂದೆ, ಪೂರ್ತಿ. ನನಗೇ ಹೊಸದಾಗಿ ಕೇಳಿಸಿತು.

ಅದೇ ಹಿರಿಯರು ಸಮಾಧಾನದಿಂದ ತಲೆದೂಗಿ, ‘ಛಲೋ ಹೆಸರು. ಯಾ ಊರು?’ ಅಂದರು. ‘ಯ…’ ಅಂದೆ. ನಮ್ಮ ಊರಿನ ಹೆಸರೂ ಅಲ್ಲಿಂದಲೇ ಶುರುವಾಗುತ್ತದೆಂದು ನನಗೆ ಆಗಲೇ ನೆನಪಾದದ್ದು. ಮೊದಲು ನಕ್ಕವನು ನಾನು. ಆಮೇಲೆ ಅವ್ವ ನಕ್ಕಳು, ಆಸೀಫ ನಕ್ಕ, ಆ ಹಿರಿಯರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಿಮ್ಮ ಚಿಗವ್ವಂದಿರ ನಗುವಿನಷ್ಟೇ ಜೋರಾಗಿತ್ತು ಅಕ್ಕಾ, ಆದರೆ ಈ ಸಲ ಅದರ ಒಳಗೆ ನಾನೂ ಇದ್ದೆ. ಯಲಬುರ್ಗಾ ಎಂದು ಹೇಳಿ ಮುಗಿಸುವವರೆಗೆ ಎಲ್ಲರೂ ಕಾದರು. ಆಮೇಲೆ ಉಳಿಯ ಬಗ್ಗೆ, ಬಸ್ಸಿನ ಬಗ್ಗೆ ಮಾತಾಡಿದೆ. ಎಷ್ಟು ಮಾತಾಡಿದೆನೆಂದರೆ ಬಳ್ಳಾರಿಯವರೇ ಸಮಯವಾಯಿತೆಂದು ಚೀಟಿ ಕಳಿಸಬೇಕಾಯಿತು.

ತಿರುಗಿ ಬರುವಾಗ ಬಸ್ಸಿನಲ್ಲಿ, ಕುಕನೂರು ದಾಟಿದ ಮೇಲೆ ಅವ್ವ, ‘ನಾ ಸುಳ್ಳೇ ಅವಸರ ಮಾಡ್ತಿದ್ನೇನೋ’ ಅಂದಳು. ಇಲ್ಲವ್ವಾ ಎಂದೆ. ಅವಳ ಕೈ ಹಿಡಿದುಕೊಂಡು ಕುಳಿತೆ.

ನಿನ್ನೆ ಒಂದು ಹೊಸ ಹಾಡನ್ನು ಏರಿಸಿದ್ದೇನೆ. ಅದರಲ್ಲಿ ಅವತ್ತಿನ ಫ್ಯಾನಿನ ಸದ್ದಿದೆ, ನಗುವೂ ಇದೆ. ಪರವಾನಗಿಯ ಜಾಗದಲ್ಲಿ ಈ ಸಲ ಷರತ್ತು ಹಾಕಿಲ್ಲ. ಯಾರು ಬೇಕಾದರೂ ಒಯ್ಯಲಿ, ಮುರಿಯಲಿ, ಕಟ್ಟಲಿ, ನನ್ನ ಹೆಸರನ್ನು ಕೂಡ ಹೇಳಬೇಕಾಗಿಲ್ಲ. ಅದನ್ನು ನಾನೇ ಹೇಳಿಕೊಳ್ಳುತ್ತೇನೆ.

ನಿಮ್ಮ ತಮ್ಮ,
ಯಮನೂರ

ನನ್ನ ಫೋನ್ ನಂಬರನ್ನು ಇದರ ಕೆಳಗೆ ಬರೆದಿದ್ದೇನೆ. ಟವರ್ ಚೆನ್ನಾಗಿ ಸಿಗುತ್ತದೆ. ಎತ್ತಿದ ಕೂಡಲೇ ಮಾತು ಬರದಿದ್ದರೆ ಇಡಬೇಡಿರಿ.